ತಕ್ಕಡಿ ಹಿಡಿದ ವೈಕಿಂಗರು

ಸಾವಿರ ವರ್ಷದ ಹಿಂದೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕಡೆಯಿಂದ ಹಡಗು ಹತ್ತಿ ಹೊರಟ ವೈಕಿಂಗರು ಅಂದರೆ ನಮಗೆ ಕೊಡಲಿ, ಗಡ್ಡ, ಹೊತ್ತಿ ಉರಿಯುವ ಚರ್ಚು. ಸುಳ್ಳಲ್ಲ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠ ದೋಚಿದ್ದು ಅವರೇ. ಆದರೆ ಆ ಕಥೆ ಬರೆದಿಟ್ಟವರು ಪೆಟ್ಟು ತಿಂದ ಕಡೆಯವರು. ಸಂತೆಯಲ್ಲಿ ಅವರನ್ನು ಕಂಡವರು ಬರೆದದ್ದನ್ನು ಓದಿದರೆ ಬೇರೆಯದೇ ಆಸಾಮಿ ಎದುರಾಗ್ತಾನೆ.

922ರಲ್ಲಿ ಬಾಗ್ದಾದಿನ ಖಲೀಫನ ರಾಯಭಾರಿ ತಂಡದ ಜೊತೆ ಹೋಗಿದ್ದ ಇಬ್ನ್ ಫದ್ಲಾನ್ ಈಗಿನ ರಷ್ಯಾದ ವೋಲ್ಗಾ ನದಿ ದಡದಲ್ಲಿ ರುಸ್ ವರ್ತಕರನ್ನು ನೋಡಿದ. ಪೂರ್ವಕ್ಕೆ ಬಂದ ವೈಕಿಂಗರು ಇವರೇ. ದೋಣಿ ಇಳಿದವನು ಮೊದಲು ಮಾಡುವ ಕೆಲಸ, ಮುಖ ಕೆತ್ತಿದ ಮರದ ಕಂಬಕ್ಕೆ ರೊಟ್ಟಿ, ಮಾಂಸ, ಈರುಳ್ಳಿ, ಹಾಲು ಇಟ್ಟು ಅಡ್ಡಬೀಳೋದು. ಬೇಡಿಕೆ ಏನು ಗೊತ್ತಾ? ಕೈತುಂಬ ದೀನಾರು, ದಿರ್‌ಹಮ್ ಇರುವ, ಹೇಳಿದ ಬೆಲೆಗೆ ಎದುರು ಮಾತಾಡದೆ ಕೊಳ್ಳುವ ಗಿರಾಕಿಯನ್ನು ಕಳಿಸಪ್ಪಾ ಅಂತ! ಮಾಲು ಹೋಗದಿದ್ದರೆ ಎರಡನೇ ಸಲ, ಮೂರನೇ ಸಲ ಕಾಣಿಕೆ. ಆಗಲೂ ಆಗದಿದ್ದರೆ ಸುತ್ತಲಿನ ಚಿಕ್ಕ ಕಂಬಗಳ ಹತ್ತಿರ, ಅಂದರೆ ಆ ದೇವರ ಹೆಂಡತಿ ಮಕ್ಕಳ ಹತ್ತಿರ ಶಿಫಾರಸು. ಬೆಳಗಿನ ಬೋಣಿಗೆ ಕಾದು ಕೂತ ನಮ್ಮ ಅಂಗಡಿಯವರಿಗೆ ಈ ಮನುಷ್ಯ ಚೆನ್ನಾಗಿ ಅರ್ಥ ಆಗ್ತಾನೆ.

ನಗು ನಿಲ್ಲೋದು ಆ ಪ್ರಾರ್ಥನೆಯ ಮಾಲಿನ ಪಟ್ಟಿಯಲ್ಲಿ. ತುಪ್ಪಳದ ಚರ್ಮದ ಜೊತೆ ಮಾರಾಟಕ್ಕೆ ತಂದ ಹುಡುಗಿಯರೂ ಅದರಲ್ಲಿದ್ದಾರೆ. ಹಾಗಾಗಿ 'ವೈಕಿಂಗರು ಲೂಟಿಕೋರರಲ್ಲ, ಬರೀ ವ್ಯಾಪಾರಿಗಳು' ಅನ್ನುವ ಈಗಿನ ಜಾಣ ಮಾತು ನನಗೆ ಪೂರ್ತಿ ರುಚಿಸಲ್ಲ. ದೋಚಿದ್ದನ್ನೇ ಮಾರಿದರೆ ಎರಡು ಕಸುಬು ಹೇಗಾಗುತ್ತೆ?

ತೂಕದ ವಿಷಯದಲ್ಲಿ ಮಾತ್ರ ಅವರು ಭಾರಿ ಖಡಕ್ಕು. ಮಡಚಿ ಡಬ್ಬಿಯಲ್ಲಿಡುವ ಪುಟ್ಟ ತಕ್ಕಡಿ ಜೊತೆಗೇ ಇರ್ತಿತ್ತು. ನಾಣ್ಯದ ಮೇಲೆ ಯಾವ ರಾಜನ ಹೆಸರಿದ್ದರೂ ಕೇಳುವವರಿಲ್ಲ, ಚಾಕುವಿನಿಂದ ಗೀರಿ ಬೆಳ್ಳಿ ಅಸಲಿಯೋ ಅಂತ ನೋಡೋದು, ಚಿಲ್ಲರೆ ಬೇಕಾದರೆ ಬಳೆಯನ್ನೇ ಕತ್ತರಿಸೋದು. 1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಹೊಲವೊಂದರಲ್ಲಿ ಸುಮಾರು 67 ಕಿಲೋ ಬೆಳ್ಳಿ ಸಿಕ್ಕಿತು. ಅದರಲ್ಲಿ 14,000ಕ್ಕೂ ಹೆಚ್ಚು ನಾಣ್ಯ, ಹೆಚ್ಚುಕಮ್ಮಿ ಎಲ್ಲವೂ ಅರಬ್ ನಾಡುಗಳ ಕಡೆಯವು.

ಸ್ವೀಡನ್ನಿನದೇ ಹೆಲ್ಗೊ ದ್ವೀಪದಲ್ಲಿ ಐರ್ಲೆಂಡಿನ ಬಿಷಪ್ಪನ ದಂಡದ ತುದಿಯೂ ಸಿಕ್ಕಿದೆ, ನಮ್ಮ ಉಪಖಂಡದ ವಾಯವ್ಯದ ಕಡೆಯಿಂದ ಹೋದ ಪುಟ್ಟ ಕಂಚಿನ ಬುದ್ಧನೂ ಸಿಕ್ಕಿದ್ದಾನೆ. ದಂಡ ಲೂಟಿಯದೇ ಇರಬಹುದು. ಬುದ್ಧ ಮಾತ್ರ ಕೈಯಿಂದ ಕೈಗೆ ದಾಟಿಯೇ ಹೋಗಿರಬೇಕು. ಅಲ್ಲಿತನಕ ಯಾವ ವೈಕಿಂಗ್ ಹಡಗು ಬರುತ್ತೆ?

ನನ್ನ ಲೆಕ್ಕ ಇಷ್ಟೇ: ಎದುರಿನವನು ಬಡಪಾಯಿಯಾದರೆ ಕೊಡಲಿ, ಗಟ್ಟಿಗನಾದರೆ ತಕ್ಕಡಿ. ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಮೇಲೆ 860ರಲ್ಲಿ ಇದೇ ರುಸ್ ಜನ ಬಿದ್ದಿದ್ದರು. ಆಮೇಲೆ ಒಪ್ಪಂದವಾಯ್ತು: ಆಯುಧ ಬಿಟ್ಟು, ಒಂದೇ ಬಾಗಿಲಿಂದ, ಸಲಕ್ಕೆ 50 ಜನ ಮಾತ್ರ ಒಳಗೆ ಬನ್ನಿ. ಬಂದ ವರ್ತಕರಿಗೆ ಆರು ತಿಂಗಳು ರೊಟ್ಟಿ, ಮೀನು, ಮಾಂಸ, ವೈನು, ಬೇಕಾದಷ್ಟು ಸ್ನಾನ. ಇಷ್ಟಾದರೂ 941ರಲ್ಲಿ ಮತ್ತೆ ದಾಳಿಗೆ ಹೋಗಿ ಹಡಗು ಸುಡಿಸಿಕೊಂಡು ಬಂದರು. 944ರಲ್ಲಿ ಮತ್ತೆ ಒಪ್ಪಂದ, ಈ ಸಲ ಇನ್ನೊಂದು ಷರತ್ತು: 50 ಚಿನ್ನದ ನಾಣ್ಯಕ್ಕಿಂತ ಹೆಚ್ಚು ಬೆಲೆಯ ರೇಷ್ಮೆ ಕೊಳ್ಳುವ ಹಾಗಿಲ್ಲ.