ಪ್ರಳಯಕ್ಕೂ ಟೈಮ್‌ಟೇಬಲ್ಲೇ?

ರಾತ್ರಿ ಒಂಬತ್ತೂಕಾಲಿಗೆ ರಾಕ್ಷಸ. ಒಂಬತ್ತೂವರೆಗೆ ಡ್ರ್ಯಾಗನ್. ನಡುವೆ ಸ್ವಲ್ಪ ಬಿಡುವು ಸಿಕ್ಕರೆ ಚಹಾ ಕುಡಿದು ಬರಬಹುದು. ನಾನಾಡುವ ಆನ್‌ಲೈನ್ ಗೇಮಿನಲ್ಲಿ ಇದಕ್ಕೆ ‘ಡೈನಾಮಿಕ್ ಇವೆಂಟ್’, ಅಂದರೆ ತಾನಾಗಿ ಘಟಿಸುವ ಪ್ರಸಂಗ, ಅಂತ ಹೆಸರು. ಡೈನಾಮಿಕ್ ಅಂತೆ, ಮಣ್ಣಂಗಟ್ಟಿ!

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಗೇಮ್ ಅಂದರೆ ಮೂಗು ಮುರಿಯುವವರು ಈಗಲೇ ಮುಂದಕ್ಕೆ ಹೋಗಿಬಿಡಿ, ಬೇಜಾರಿಲ್ಲ. ಉಳಿದವರಿಗೆ ನನ್ನ ವಿಷಯ ಗೊತ್ತೇ ಇದೆ. ಧಾರವಾಡ ಬಿಟ್ಟು ಪುಣೆ ಸೇರಿದಾಗಿನಿಂದ ಗಿಲ್ಡ್ ವಾರ್ಸ್ 2 ಆಡುತ್ತಿರುವವಳು, ಕೋಥರೂಡಿನ ಪುಟ್ಟ ಮನೆಯಲ್ಲಿ ಟಿವಿಗಿಂತ ದೊಡ್ಡ ಮಾನಿಟರ್ ಇಟ್ಟುಕೊಂಡು ಅತ್ತೆಯವರಿಂದ ಬೈಸಿಕೊಂಡವಳು.

ಅಕ್ಕನ ಮಗ ಈ ವರ್ಷ ಇಲ್ಲೇ ಇಂಜಿನಿಯರಿಂಗಿಗೆ ಸೇರಿದ್ದಾನೆ. ಹಾಸ್ಟೆಲ್ ಊಟ ಬೇಸರವಾದಾಗಲೆಲ್ಲ ನಮ್ಮ ಮನೆಗೆ ಬರುತ್ತಾನೆ. ನಾನೇ ಒತ್ತಾಯ ಮಾಡಿ ಅವನಿಗೆ ಈ ಆಟ ಹಚ್ಚಿದೆ. ಅವನೋ, ಎಕ್ಸ್‌ಪ್ಯಾನ್ಶನ್ (ಆಟದ ಹೆಚ್ಚುವರಿ ಭಾಗ) ಕೊಂಡಾಗ ಜೊತೆಗೆ ಬಂದ ಬೂಸ್ಟ್ ಒತ್ತಿ ಮೊದಲ ವಾರವೇ ಲೆವೆಲ್ 80, ಅಂದರೆ ತುತ್ತತುದಿಯ ಮಟ್ಟ, ಮುಟ್ಟಿ ಕೂತ. ಇರಲಿ, ದುಡ್ಡು ಅವನದು. ನಿನ್ನೆ ಆಟದೊಳಗಿನ ಹೊಸಬರ ಊರು ಕ್ವೀನ್ಸ್‌ಡೇಲಿನಲ್ಲಿ ನಿಂತಿದ್ದ. ನಿಂತಿದ್ದ ಅಂದರೆ ಅಕ್ಷರಶಃ ನಿಂತಿದ್ದ. ಒಂದು ಕೈಯಲ್ಲಿ ಗಿರ್ಮಿಟ್ ತಟ್ಟೆ, ಇನ್ನೊಂದರಲ್ಲಿ ಮೊಬೈಲ್, ಮೌಸ್ ಅನಾಥ. ಅಷ್ಟರಲ್ಲಿ ಹೊಲದ ಕಡೆಯಿಂದ ಹೆಂಗಸೊಬ್ಬಳು ಇವನ ಪಾತ್ರದ ಹತ್ತಿರವೇ ಓಡಿ ಬಂದು ಕೂಗಿಕೊಂಡಳು, ಕಳ್ಳರು ನೀರಿನ ಪೈಪ್ ಒಡೀತಿದ್ದಾರೆ ಅಂತ.

‘ಏನೋ ಕೇಳ್ಲಿಕ್ಕತ್ತಾಳಲ್ಲೋ ಆಕಿ, ಹೋಗೋ’ ಅಂದೆ.

‘ಬಿಡು ಮೌಶಿ, ಅದರಾಗ ಏನೂ ಸಿಗೂದಿಲ್ಲ. ಇನ್ನ ಎಂಟ್ ನಿಮಿಷಕ್ಕ ಬೆಹಿಮತ್ ಬರ್ತದ.’

‘ನಿನಗ್ಹೆಂಗ ಗೊತ್ತು?’

‘ಮೊಬೈಲಿನಾಗ ಟೈಮರ್ ಸೈಟ್ ಅದ ಅಲಾ, ಯಾವಾಗ ಏನ್ ಬರ್ತದ ಎಲ್ಲಾ ತೋರಸ್ತದ!’

ಅವಳು ಇವನ ಮುಖ ನೋಡಿ ನೋಡಿ ವಾಪಸ್ ಹೋದಳು. ಒಂಬತ್ತೂಕಾಲಿಗೆ ಸರಿಯಾಗಿ ಇವನು ಜೌಗಿನಲ್ಲಿ ಹಾಜರು. ಅಲ್ಲಿ ಆಗಲೇ ದೊಡ್ಡ ಗುಂಪು ನೆರೆದಿತ್ತು. ಶತ್ರುಗಳು ಬರುವ ಪೋರ್ಟಲ್‌ಗಳನ್ನು (ಮಾಯಾದ್ವಾರ) ಬೇರೆ ಯಾರೋ ಮುಚ್ಚಿದರು, ಶ್ಯಾಡೋ ಬೆಹಿಮತ್ ಎದ್ದು ಬಂತು, ಇವನು ಒಂದನೇ ನಂಬರಿನ ಕೀ ಒತ್ತಿಟ್ಟು ಗಿರ್ಮಿಟ್ ಮುಗಿಸಿದ. ರಾಕ್ಷಸ ಸತ್ತ, ಬಹುಮಾನದ ಪೆಟ್ಟಿಗೆ ಬಂತು. ಬಿದ್ದ ರಾಕ್ಷಸನನ್ನು ತಿರುಗಿಯೂ ನೋಡದೆ ಸ್ಪಾರ್ಕ್‌ಫ್ಲೈ ಫೆನ್ ಅನ್ನುವ ಇನ್ನೊಂದು ಮ್ಯಾಪಿಗೆ ಹಾರಿದ. ಯಾಕೆಂದರೆ ಟೆಕ್ವಾಟಲ್ ಬರುವ ಹೊತ್ತಾಗಿತ್ತು. ಟೆಕ್ವಾಟಲ್ ಅಂದರೆ ಸತ್ತು ಎದ್ದು ಬಂದ ಡ್ರ್ಯಾಗನ್, ಕಡಲಿನಿಂದ ಮೇಲೇಳುವ ಮಹಾಮಾರಿ. ಅದೂ ಸಂಜೆ ಐದಕ್ಕೆ, ರಾತ್ರಿ ಒಂಬತ್ತೂವರೆಗೆ, ಆಮೇಲೆ ಹನ್ನೆರಡೂವರೆಗೆ ಡ್ಯೂಟಿಗೆ ಬರುತ್ತದೆ. ನಮ್ಮ ಕಾಲಮಾನದಲ್ಲಿ ಹೇಳುತ್ತಿದ್ದೇನೆ. ಬಾಯಿಪಾಠ ಯಾಕೆ ಬಂತು ಅಂತ ಕೇಳಬೇಡಿ, ಹುಡುಗ ರಾತ್ರಿಯಿಡೀ ಅದನ್ನೇ ಒದರುತ್ತಿದ್ದ.

ಇವನ ಮೇಲೆ ನನಗೆ ಸಿಟ್ಟಿಲ್ಲ. (ಇದೆ, ಸ್ವಲ್ಪ. ತಟ್ಟೆಯನ್ನು ಕೀಬೋರ್ಡ್ ಮೇಲೆ ಇಟ್ಟಿದ್ದ.) ನನ್ನ ಸಿಟ್ಟೆಲ್ಲ ಆಟ ಕಟ್ಟಿದವರ ಮೇಲೆ, ಮತ್ತೆ ಆಟ ಬಿಟ್ಟು ಗಡಿಯಾರ ಆಡುವುದನ್ನು ‘ಜಾಣತನ’ ಅಂತ ಹೊಸಬರಿಗೆ ಕಲಿಸುತ್ತಿರುವ ಹಳಬರ ಮೇಲೆ.

2012ರ ಆಗಸ್ಟ್ 28ಕ್ಕೆ ಈ ಆಟ ಬಂದಾಗ ನಮ್ಮನ್ನೆಲ್ಲ ಹುಚ್ಚು ಹಿಡಿಸಿದ್ದು ಏನು? ಅಲ್ಲಿಯವರೆಗೆ ಆನ್‌ಲೈನ್ ರೋಲ್-ಪ್ಲೇಯಿಂಗ್ ಆಟ ಅಂದರೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹಾಕಿಕೊಟ್ಟ ದಾರಿ. ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೊತ್ತು ನಿಂತ ಮನುಷ್ಯ, ಅವನ ಹತ್ತಿರ ಹೋಗಿ ಕೆಲಸ ಕೇಳು, ಹತ್ತು ತೋಳ ಕೊಲ್ಲು, ವಾಪಸ್ ಬಾ. ನೀನು ಕೊಂದರೂ ಕೊಲ್ಲದಿದ್ದರೂ ತೋಳಗಳು ಅಲ್ಲೇ, ಮನುಷ್ಯನೂ ಅಲ್ಲೇ. ಗಿಲ್ಡ್ ವಾರ್ಸ್ 2 ಇದನ್ನು ಕಿತ್ತು ಹಾಕಿತು. ಯಾರನ್ನೂ ಕೇಳಬೇಕಾಗಿಲ್ಲ. ನಡೆದು ಹೋಗುವಾಗ ಹತ್ತಿರದಲ್ಲೇನೋ ಆಗುತ್ತಿದ್ದರೆ ಮ್ಯಾಪಿನಲ್ಲಿ ಕಿತ್ತಳೆ ಬಣ್ಣದ ವೃತ್ತ ಮೂಡುತ್ತದೆ, ಪರದೆಯ ಬಲಗಡೆ ಮೇಲೆ ಏನಾಗುತ್ತಿದೆ ಅಂತ ಬರುತ್ತದೆ, ನೀನು ಕೈಜೋಡಿಸಿದರೆ ನಿನಗೂ ಪಾಲು. ಗೆದ್ದರೆ ಕಥೆ ಒಂದು ಕಡೆ ತಿರುಗುತ್ತದೆ, ಸೋತರೆ ಇನ್ನೊಂದು ಕಡೆ. ಊರು ಶತ್ರುಗಳ ಪಾಲಾದರೆ ಅಲ್ಲಿನ ವೇಪಾಯಿಂಟಿಗೆ (ಮ್ಯಾಪಿನಲ್ಲಿ ಒತ್ತಿದರೆ ನೇರ ಹೋಗಿ ಇಳಿಯುವ ತಾಣ) ಹಾರುವಂತಿಲ್ಲ, ಬಿಡಿಸಿಕೊಂಡ ಮೇಲೇ ದಾರಿ. ಸಣ್ಣಪುಟ್ಟ ಕೆಲಸ ಎಲ್ಲಿದೆ ಅಂತ ತೋರಿಸುವ ಮ್ಯಾಪಿನ ಹೃದಯದ ಗುರುತುಗಳು ಒಂದು ನೆಪ, ಆ ಕಡೆ ಒಮ್ಮೆ ನಡೆದು ಹೋಗಲಿ ಅಂತ ಇಟ್ಟದ್ದು. ನಿಜವಾದ ಆಟ ಇದ್ದದ್ದು ಹೋಗುವ ದಾರಿಯಲ್ಲಿ.

ಇದನ್ನು ಇವರೇ ಮೊದಲು ಮಾಡಿದರು ಅಂತ ನಾನು ಹೇಳುತ್ತಿಲ್ಲ. 2008ರ ವಾರ್‌ಹ್ಯಾಮರ್ ಆನ್‌ಲೈನ್‌ನಲ್ಲಿ ಪಬ್ಲಿಕ್ ಕ್ವೆಸ್ಟ್ ಇತ್ತು, ಯಾರು ಬೇಕಾದರೂ ನುಗ್ಗಬಹುದಿತ್ತು, ಆದರೆ ಮುಗಿದ ಕೂಡಲೇ ಅದೇ ಜಾಗದಲ್ಲಿ ಅದೇ ನಾಟಕ ಮೊದಲಿಂದ. 2011ರ ರಿಫ್ಟ್ ನನಗೆ ಇವತ್ತಿಗೂ ಇಷ್ಟ. ಆಕಾಶವೇ ಹರಿದು ಅದರೊಳಗಿಂದ ದಂಡು ಇಳಿಯುತ್ತಿತ್ತು. ಆ ಬಿರುಕು ಎಷ್ಟೋ ದೂರದಿಂದ ಕಾಣುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ತಲೆ ಎತ್ತಿದರೆ ಸಾಕು. ನೀನು ಹೋಗದಿದ್ದರೆ ಆ ದಂಡು ಮ್ಯಾಪಿನ ಮೇಲೆ ನಡೆದುಕೊಂಡು ಊರಿಗೇ ಬರುತ್ತಿತ್ತು.

ತಲೆ ಎತ್ತಿದರೆ ಸಾಕು! ನಮ್ಮ ಅಕ್ಕನ ಮಗ ನಿನ್ನೆ ರಾತ್ರಿ ಒಮ್ಮೆಯೂ ತಲೆ ಎತ್ತಲಿಲ್ಲ, ಮೊಬೈಲಿನಿಂದ.

ಹಾಳಾದದ್ದು ಹೇಗೆ ಅಂತಲೂ ಹೇಳುತ್ತೇನೆ. ಮೊದಲಿಗೆ ದೊಡ್ಡ ರಾಕ್ಷಸರು ಯಾವಾಗ ಬರುತ್ತಾರೆ ಅನ್ನುವುದು ಖಚಿತ ಇರಲಿಲ್ಲ, ಅಂದಾಜು ಮಾಡಬಹುದಿತ್ತು ಅಷ್ಟೆ. ಗೊತ್ತಾದವರು ಮ್ಯಾಪ್ ಚಾಟಿನಲ್ಲಿ ವೇಪಾಯಿಂಟ್ ಅಂಟಿಸಿ ಕೂಗುತ್ತಿದ್ದರು, ಗಿಲ್ಡಿನವರು, ಅಂದರೆ ಒಂದೇ ತಂಡದ ಆಟಗಾರರು, ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. 2013ರಲ್ಲಿ ಕಂಪನಿಯವರು ಇವೆಂಟುಗಳ ಸ್ಥಿತಿಗತಿಯನ್ನು ಎಪಿಐ (ಬೇರೆ ಸೈಟುಗಳು ಆಟದ ಮಾಹಿತಿ ಎಳೆದುಕೊಳ್ಳುವ ದಾರಿ) ಮೂಲಕ ಹೊರಗೆ ಬಿಟ್ಟರು. ತಗೋ, ಡ್ರ್ಯಾಗನ್ ಟೈಮರ್ ಸೈಟುಗಳು ಅಣಬೆ ಎದ್ದ ಹಾಗೆ ಎದ್ದವು. 2014ರ ಏಪ್ರಿಲ್‌ನಲ್ಲಿ ಮೆಗಾಸರ್ವರ್ ಬಂತು, ಬೇರೆ ಬೇರೆ ಸರ್ವರಿನವರನ್ನು ಒಂದೇ ಮ್ಯಾಪಿನ ಪ್ರತಿಗಳಲ್ಲಿ ಸೇರಿಸಿದರು. ಅದರ ಜೊತೆಗೇ ವರ್ಲ್ಡ್ ಬಾಸ್‌ಗಳಿಗೆಲ್ಲ, ಅಂದರೆ ಈ ದೊಡ್ಡ ರಾಕ್ಷಸರಿಗೆಲ್ಲ, ನಿಗದಿತ ವೇಳಾಪಟ್ಟಿ. ಅಲ್ಲಿಗೆ ಸಸ್ಪೆನ್ಸ್‌ಗೆ ಎಳ್ಳುನೀರು.

ಹರಾತಿ ಹಿಂಟರ್‌ಲ್ಯಾಂಡ್ಸ್ ಅನ್ನುವ ಮ್ಯಾಪ್ ನೆನಪಿದೆಯಾ ಹಳಬರೇ? ನಮ್ಮ ಕಡೆಯ ಸೆರಾಫ್ ಸೈನಿಕರ ಜೊತೆ ಸೆಂಟಾರ್‌ಗಳನ್ನು (ಅರ್ಧ ಮನುಷ್ಯ, ಅರ್ಧ ಕುದುರೆ) ಒಂದು ಶಿಬಿರದಿಂದ ಇನ್ನೊಂದು ಶಿಬಿರಕ್ಕೆ ಅಟ್ಟುತ್ತ ಹೋಗುವುದು, ಹಿಂದಿನ ಶಿಬಿರ ಕೈತಪ್ಪಿದರೆ ಮತ್ತೆ ಓಡಿ ಬಂದು ಹಿಡಿಯುವುದು, ಕೊನೆಗೆ ಅವರ ಕೋಟೆಯಲ್ಲಿ ಉಲ್ಗೋತ್ ಎದುರಾಗುವುದು. ಆ ರಾಕ್ಷಸನಿಗೆ ಬೆಲೆ ಬಂದದ್ದೇ ಆ ದಾರಿಯಿಂದ. ಈಗ ಅವನಿಗೂ ಮೂರು ಗಂಟೆಗೊಂದು ಸರದಿ. ಜನ ನೇರ ಕೊನೆಯ ಶಿಬಿರಕ್ಕೆ ಹಾರಿ ನಿಲ್ಲುತ್ತಾರೆ. ಸೆರಾಫ್ ಸೈನಿಕನ ಮುಖ ಯಾರಿಗೆ ಬೇಕು?

ಕ್ವೀನ್ಸ್‌ಡೇಲಿನ ಚಾಂಪಿಯನ್ ಟ್ರೇನ್ ಬಗ್ಗೆ ಹೆಚ್ಚು ಹೇಳಲ್ಲ, ಬಿಪಿ ಏರುತ್ತದೆ. ಹೊಸಬರು ಆಟ ಕಲಿಯಬೇಕಾದ ಜಾಗದಲ್ಲಿ ಹಳಬರು ಹಿಂಡು ಕಟ್ಟಿಕೊಂಡು ‘ಚಾಂಪಿಯನ್’ ಅನ್ನುವ ಬಲಿಷ್ಠ ಶತ್ರುಗಳನ್ನು ಸರದಿಯಂತೆ ಕೊಲ್ಲುತ್ತ ಸುತ್ತು ಹಾಕುತ್ತಿದ್ದರು, ಯಾರೋ ಪಾಪದ ಹೊಸಬ ಸರದಿ ತಪ್ಪಿಸಿ ಒಂದು ಹಂದಿ ಹೊಡೆದರೆ ಅವನ ವಂಶವನ್ನೇ ಬೈಯುತ್ತಿದ್ದರು. ಮೊದಲ ಸಲ ಇವೆಂಟೊಂದನ್ನು ತಾನೇ ಕಂಡುಹಿಡಿದ ಖುಷಿಗೆ ಅವನಿಗೆ ಸಿಕ್ಕ ಬಹುಮಾನ ಅದು.

ಈಗ ನೀವು ಏನು ಹೇಳುತ್ತೀರಿ ಅಂತ ಗೊತ್ತು. ಇಲ್ಲಿನ ಐಟಿ ಕಂಪನಿಗಳ ಜಾಗ ಹಿಂಜವಡಿಯ ಗೆಳೆಯರೊಬ್ಬರು ಫೋನಿನಲ್ಲಿ ಆಗಲೇ ಹೇಳಿಯಾಯಿತು: ‘ಅಲ್ರೀ, ಆಫೀಸು, ಟ್ರಾಫಿಕ್ಕು, ಮಕ್ಕಳ ಹೋಮ್‌ವರ್ಕು ಮುಗಿಸಿ ನಮಗ ಸಿಗೂದ ಒಂದ ತಾಸು. ಆಟದ ಸರ್ವರ್ ಇರೂದು ಅಮೆರಿಕ, ಯೂರೋಪಿನಾಗ. ಮುಂಜಾನೆ ಎದ್ದು ಹೋದ್ರ ಮ್ಯಾಪ್ ಖಾಲಿ ಹೊಡೀತದ. ಟೈಮರ್ ಇಲ್ದ ನಮ್ಮಂಥವ್ರು ಡ್ರ್ಯಾಗನ್ ಮಾರಿ ನೋಡೂದು ಹೆಂಗ?’

ಸರಿ, ಟೆಕ್ವಾಟಲ್ ಒಂದನ್ನು ಬಿಟ್ಟುಕೊಡುತ್ತೇನೆ. 2013ರ ಸೆಪ್ಟೆಂಬರಿನಲ್ಲಿ ಅದನ್ನು ಕಷ್ಟ ಮಾಡಿದ ಮೇಲೆ ಹದಿನೈದು ನಿಮಿಷದೊಳಗೆ ಮುಗಿಸಬೇಕು, ಫಿರಂಗಿ ನಡೆಸುವವರು ಬೇಕು, ಅವುಗಳನ್ನು ಕಾಯುವವರು ಬೇಕು. ದಾರಿಹೋಕರು ನಾಲ್ಕು ಜನ ಸೇರಿ ಮಾಡುವ ಕೆಲಸವಲ್ಲ. ಸೈನ್ಯ ಕೂಡಬೇಕಾದರೆ ಹೊತ್ತು ಗೊತ್ತು ಮಾಡಲೇಬೇಕು, ಒಪ್ಪಿದೆ. ಆದರೆ ಉಳಿದದ್ದಕ್ಕೆಲ್ಲ ಯಾಕೆ? ಮತ್ತೆ ಆ ‘ಒಂದ ತಾಸು’ ಅನ್ನುವ ವಾದ ನನಗೆ ಅರ್ಥವೇ ಆಗುವುದಿಲ್ಲ. ಇರುವುದೇ ಒಂದು ತಾಸು ಅಂದಮೇಲೆ ಅದರಲ್ಲಿ ಇಪ್ಪತ್ತು ನಿಮಿಷ ವೇಪಾಯಿಂಟಿನ ಮೇಲೆ ನಿಂತು ಗಡಿಯಾರ ನೋಡುವುದು ಯಾವ ಸೀಮೆಯ ಲೆಕ್ಕ? ಕಾಯುವುದಕ್ಕೆ ಹಿಂಜವಡಿಯ ಸಿಗ್ನಲ್ ಸಾಲದೇ?

ಫೈನಲ್ ಫ್ಯಾಂಟಸಿ 14 ಆಡುವವರು ತಮ್ಮ ಆಟದ ಇಂಥದೇ ಇವೆಂಟುಗಳಾದ ‘ಫೇಟ್’ ಬಗ್ಗೆ ಜಂಬ ಕೊಚ್ಚುತ್ತಾರೆ. ಅದರಲ್ಲಿ ಮ್ಯಾಪ್ ತೆರೆದರೆ ಎಲ್ಲೆಲ್ಲಿ ಏನಾಗುತ್ತಿದೆ, ಇನ್ನೆಷ್ಟು ನಿಮಿಷ ಉಳಿದಿದೆ ಎಲ್ಲ ಕಾಣುತ್ತದೆ. ಹುಡುಕಲು ಏನೂ ಉಳಿದಿರುವುದಿಲ್ಲ, ನಿಜ. ಆದರೂ ಅದು ವಾಸಿ. ಕನಿಷ್ಠ ನೀನು ಆಟದ ಒಳಗಿನ ಮ್ಯಾಪ್ ನೋಡುತ್ತಿದ್ದೀಯ, ಬೇರೆ ಸೈಟಿನಲ್ಲಿ ಕೂತಿಲ್ಲ. ನಮ್ಮ ಆಟದಲ್ಲೇ 2015ರ ಹಾರ್ಟ್ ಆಫ್ ಥಾರ್ನ್ಸ್ ಎಕ್ಸ್‌ಪ್ಯಾನ್ಶನ್‌ನಲ್ಲಿ ವರ್ಡಂಟ್ ಬ್ರಿಂಕ್ ಅನ್ನುವ ಮ್ಯಾಪ್ ಇದೆಯಲ್ಲ, ಅಲ್ಲೂ ಚಕ್ರ ಗಡಿಯಾರದಂತೆಯೇ ತಿರುಗುತ್ತದೆ. ಆದರೆ ಅಲ್ಲಿ ಹೊತ್ತು ತಿಳಿಸುವುದು ಕತ್ತಲೆ. ಕಾಡಿನಲ್ಲಿ ರಾತ್ರಿ ಇಳಿಯುತ್ತದೆ, ಶತ್ರುಗಳು ಹೆಚ್ಚುತ್ತಾರೆ, ಜನ ತಾವಾಗಿಯೇ ಶಿಬಿರಗಳ ಸುತ್ತ ಒಟ್ಟುಗೂಡುತ್ತಾರೆ. ಟೈಮರ್ ಇದ್ದೂ ಇಲ್ಲದಂತೆ ಮಾಡುವ ಬಗೆ ಇವರಿಗೆ ಗೊತ್ತಿದೆ ಅಂತಾಯಿತು. ಗೊತ್ತಿದ್ದೂ ಎಲ್ಲ ಕಡೆ ಮಾಡಲಿಲ್ಲವಲ್ಲ, ಅದೇ ಹೊಟ್ಟೆ ಉರಿ.

ಪುಣೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಪತಿ ಹಬ್ಬಕ್ಕೆ ಮುಂಚೆ ಮುಠಾ ನದಿ ದಂಡೆಯಲ್ಲಿ ಢೋಲ್-ತಾಶಾ ಪಥಕದವರ ಅಭ್ಯಾಸ ಶುರುವಾಗುತ್ತದೆ. ತರಕಾರಿ ಚೀಲ ಹಿಡಿದು ಮನೆಗೆ ಹೊರಟವಳಿಗೆ ಮೊದಲು ಎದೆಯಲ್ಲಿ ಗುಡುಗಿದ ಹಾಗಾಗುತ್ತದೆ, ಆಮೇಲೆ ಕಿವಿಗೆ ಕೇಳುತ್ತದೆ. ಸದ್ದಿನ ಜಾಡು ಹಿಡಿದು ಹೋಗುತ್ತೇನೆ, ಎರಡು ಗಲ್ಲಿ ತಪ್ಪುತ್ತೇನೆ, ಕೊನೆಗೆ ಸೇತುವೆಯ ಕಟ್ಟೆಗೆ ಒರಗಿ ನಿಂತು ಕೆಳಗೆ ನೋಡಿದರೆ ಸಾಲಾಗಿ ನಿಂತ ಹುಡುಗಿಯರು ಸೊಂಟಕ್ಕೆ ಢೋಲ್ ಬಿಗಿದುಕೊಂಡು ಬಾರಿಸುತ್ತಿರುತ್ತಾರೆ. ಕೊತ್ತಂಬರಿ ಬಾಡಿದರೂ ಚಿಂತೆಯಿಲ್ಲ. ಆಟದೊಳಗಿನ ಇವೆಂಟ್ ನನಗೆ ಹೀಗೆ ಸಿಗಬೇಕು. ಹೊಗೆ ಕಾಣಲಿ, ಗಂಟೆ ಹೊಡೆಯಲಿ, ರಸ್ತೆಯಲ್ಲಿ ಎದುರಿನಿಂದ ಜನ ಗಂಟುಮೂಟೆ ಹೊತ್ತು ಓಡಿ ಬರಲಿ.

‘ಜನ ಅದನ್ನೆಲ್ಲ ಗಮನಿಸಲ್ಲ’ ಅನ್ನುವವರಿಗೆ ಒಂದು ಹಳೆಯ ಸಂಗತಿ. 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಝುಲ್‌ಗುರುಬ್ ಅನ್ನುವ ಹೊಸ ರೇಡ್ (ಗುಂಪಾಗಿ ನುಗ್ಗಿ ಗೆಲ್ಲಬೇಕಾದ ಜಾಗ) ತೆರೆಯಿತು. ಅಲ್ಲಿನ ಬಾಸ್ ಹಕ್ಕಾರ್ ಅಂಟಿಸುತ್ತಿದ್ದ ‘ಕರಪ್ಟೆಡ್ ಬ್ಲಡ್’ ಅನ್ನುವ ಸೋಂಕು ಒಳಗೇ ಉಳಿಯಬೇಕಾಗಿತ್ತು. ಬಗ್‌ನಿಂದಾಗಿ ಆಟಗಾರರ ಸಾಕುಪ್ರಾಣಿಗಳ ಮೂಲಕ ಹೊರಗೆ ಬಂದು ನಗರಗಳಿಗೆ ಹಬ್ಬಿತು. ಬೀದಿ ತುಂಬ ಅಸ್ಥಿಪಂಜರ. ಹೊಸಬರು ನಿಂತಲ್ಲೇ ಸಾಯುತ್ತಿದ್ದರು. ಅದಕ್ಕೆ ಟೈಮರ್ ಇರಲಿಲ್ಲ, ಮ್ಯಾಪಿನಲ್ಲಿ ಗುರುತು ಇರಲಿಲ್ಲ, ಪೆಟ್ಟಿಗೆಯಂತೂ ಇರಲೇ ಇಲ್ಲ. ಆದರೂ ಜನ ತಾವೇ ಕಂಡುಕೊಂಡರು, ಒಬ್ಬರಿಗೊಬ್ಬರು ಎಚ್ಚರಿಸಿದರು, ಕೆಲವರು ಮದ್ದು ಮಾಡಲು ನಿಂತರು, ಕೆಲವರು ಊರು ಬಿಟ್ಟು ಓಡಿದರು, ಕೆಲವು ಕಿಡಿಗೇಡಿಗಳು ಬೇಕಂತಲೇ ಹಂಚಿಕೊಂಡು ತಿರುಗಿದರು. 2007ರಲ್ಲಿ ‘ದಿ ಲ್ಯಾನ್ಸೆಟ್ ಇನ್ಫೆಕ್ಷಸ್ ಡಿಸೀಸಸ್’ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಮೇಲೆ ಪ್ರಬಂಧವೇ ಬಂತು. ಯಾರೂ ಯೋಜಿಸದ ಒಂದು ಅವಘಡ ಅಷ್ಟು ಜನರನ್ನು ಅಲ್ಲಾಡಿಸಿತು. ನಮ್ಮ ಬೆಹಿಮತ್ ಎರಡು ಗಂಟೆಗೊಮ್ಮೆ ಎದ್ದು ಬಂದರೂ ಒಬ್ಬರೂ ಗಿರ್ಮಿಟ್ ತಿನ್ನುವುದನ್ನು ನಿಲ್ಲಿಸುವುದಿಲ್ಲ.

ನನಗೆ ಯಾಕೆ ಇಷ್ಟು ಉರಿ ಅಂತ ಅಕ್ಕ ಕೇಳಿದಳು. ಹೇಳಿಯೇ ಬಿಡುತ್ತೇನೆ. ಆಫೀಸಿನ ಮೀಟಿಂಗಿನಲ್ಲಿ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೂ ನಡುವೆ ಯಾರೋ ಮಾತು ಕಸಿಯುತ್ತಾರೆ, ನಾನು ಬಿಟ್ಟುಕೊಡುತ್ತೇನೆ. ಸೊಸೈಟಿಯ ಸಭೆಯಲ್ಲೂ ಹಾಗೇ, ಅಲ್ಲಿ ಮರಾಠಿಯಲ್ಲಿ ಜಗಳ ಮಾಡುವಷ್ಟು ನಾಲಿಗೆ ಇನ್ನೂ ತಿರುಗುವುದಿಲ್ಲ. ಆದರೆ ಮ್ಯಾಪಿನ ಯಾವುದೋ ಮೂಲೆಯಲ್ಲಿ ಒಬ್ಬಳೇ ಅಲೆಯುವಾಗ ಕಿತ್ತಳೆ ವೃತ್ತ ಮೊದಲು ನನಗೆ ಕಂಡು, ವೇಪಾಯಿಂಟ್ ಅಂಟಿಸಿ ‘ಬನ್ನಿ, ಇಲ್ಲಿ ಜನ ಬೇಕು’ ಅಂತ ಬರೆದರೆ, ಎಲ್ಲೆಲ್ಲಿಂದಲೋ ಹೆಸರು ಗೊತ್ತಿಲ್ಲದವರು ಓಡಿ ಬರುತ್ತಾರೆ. ನನ್ನ ಕರೆಗೆ! ಮೊದಲ ಸಲ ಹಾಗಾದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಟೈಮರ್ ಬಂದು ಕಸಿದುಕೊಂಡದ್ದು ಇದನ್ನು. ಈಗ ಕೂಗಿದರೆ ‘ಟೈಮರ್‌ನಲ್ಲಿ ಇಲ್ಲವಲ್ಲ, ಏನು ಸಿಗುತ್ತದೆ?’ ಅಂತ ಉತ್ತರ ಬರುತ್ತದೆ. ಇಲ್ಲವೇ ಬರುವುದೇ ಇಲ್ಲ.

ಕಂಪನಿ ನನ್ನ ಮಾತು ಕೇಳುವುದಿಲ್ಲ, ನಾವಾದರೂ ಒಂದು ಮಾಡೋಣ. ಯೂರೋಪ್ ಸರ್ವರಿನಲ್ಲಿ ಆಡುವ ಕನ್ನಡದವರು ಯಾರಿದ್ದೀರಿ, ಮುಂಬೈ, ಗೋವಾದವರೂ ಸೇರಿ, ನನಗೆ ಮೆಸೇಜ್ ಮಾಡಿ. ಶನಿವಾರ ರಾತ್ರಿ ಹರಾತಿಯಲ್ಲಿ ಮೊದಲ ಶಿಬಿರದಿಂದ ನಡೆದೇ ಹೋಗೋಣ. ಯಾರು ಕರೆದರೂ ನಿಲ್ಲೋಣ, ಉಲ್ಗೋತ್ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇಲ್ಲ. ಅಕ್ಕನ ಮಗನೂ ಬರುತ್ತಾನೆ, ಅವನ ಮೊಬೈಲ್ ಅಡುಗೆಮನೆಯ ಡಬ್ಬಿಯಲ್ಲಿ ಇರುತ್ತದೆ. ಮತ್ತೆ ಈ ಪೋಸ್ಟಿನ ಕೆಳಗೆ ‘ಮೇಡಂ, ಇದು ಒಳ್ಳೆಯ ಟೈಮರ್’ ಅಂತ ಲಿಂಕ್ ಹಾಕಿದವರು ಯಾರೇ ಆಗಿರಲಿ, ಸಂಬಂಧಿಕರೇ ಆಗಿರಲಿ, ಬ್ಲಾಕ್ ಮಾಡುತ್ತೇನೆ.