ಗುದ್ದಿದ ಗಾಡಿ ಸಿಗದಿದ್ದರೂ ಪರಿಹಾರ ಇದೆ

"ಗುದ್ದಿ ಓಡಿಹೋದ ಗಾಡಿಯ ನಂಬರ್ ಗೊತ್ತಿಲ್ಲದಿದ್ದರೆ ಒಂದು ಪೈಸೆಯೂ ಸಿಗಲ್ಲ" ಎಂಬ ಮಾತು ತೀರ್ಥಹಳ್ಳಿ, ಹೊಸನಗರದ ಕಡೆ ಹರಿದಾಡುತ್ತಿದೆ. ಇದು ಸುಳ್ಳು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಮೊದಲು 25 ಸಾವಿರ, 12,500 ಇತ್ತು. ಆ ಹಳೇ ಲೆಕ್ಕ ಹೇಳಿದರೆ ನಂಬಬೇಡಿ.

ಸುರಿಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ಘಾಟಿ ರಸ್ತೆ ಬದಿ ನಡೆಯುವ ಕೂಲಿಯವರಿಗೆ ನಂಬರ್ ಪ್ಲೇಟ್ ಎಲ್ಲಿ ಕಾಣಬೇಕು, ಅಲ್ವಾ? ಮೊದಲು ಪೊಲೀಸರಿಗೆ ದೂರು ಕೊಡಿ. ಎಫ್‌ಐಆರ್ ಪ್ರತಿ, ಗಾಯದ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಗುರುತಿನ ಚೀಟಿ, ಪಾಸ್‌ಬುಕ್ ಪ್ರತಿ ಜೋಡಿಸಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಅರ್ಜಿ ಕೊಡಿ. ದುಡ್ಡು ಬ್ಯಾಂಕ್ ಖಾತೆಗೇ ಬರುತ್ತದೆ. ಆಮೇಲೆ ಗಾಡಿ ಪತ್ತೆಯಾಗಿ ನ್ಯಾಯಮಂಡಳಿಯಲ್ಲಿ ಜಾಸ್ತಿ ಪರಿಹಾರ ಸಿಕ್ಕರೆ, ಈ ಮೊತ್ತವನ್ನು ಅದರಲ್ಲಿ ಕಳೆಯುತ್ತಾರೆ.