ಮೂರನೇ ಮಹಡಿಯಿಂದ ಇಳಿದು ಬಂದ ಕಪ್ಪು ಕವರು

ಇಂದು ಬೆಳಿಗ್ಗೆ ಆರೂವರೆಗೆ ನಮ್ಮ ಬೀದಿಯಲ್ಲಿ ಕಂಡದ್ದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಕಸದ ಆಟೊ ಬಂದು ನಿಂತಿತ್ತು. ಎದುರಿನ ಕಟ್ಟಡದ ಮೂರನೇ ಮಹಡಿಯವರು ಎಂದಿನಂತೆ ಮನೆಯ ಕಸವನ್ನೆಲ್ಲ ಒಂದೇ ಕಪ್ಪು ಕವರಿಗೆ ತುಂಬಿ, ಗಂಟು ಹಾಕಿ, ಗೇಟಿನ ಬಳಿ ಇಟ್ಟು ಹೋಗಿದ್ದರು. ಆಟೊದ ಜೊತೆ ಬರುವ ಹೆಣ್ಣುಮಗಳು ಗಂಟು ಬಿಚ್ಚಿ, ರಾತ್ರಿಯ ಅನ್ನ ಸಾರಿನ ನಡುವಿನಿಂದ ಹಾಲಿನ ಪ್ಯಾಕೆಟ್ಟುಗಳನ್ನೂ ಮಗುವಿನ ಡಯಾಪರನ್ನೂ ಬರಿಗೈಯಲ್ಲಿ ಬೇರೆ ಮಾಡುತ್ತಿದ್ದವರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಒಡೆದ ಗಾಜಿನ ಲೋಟದ ಚೂರೊಂದು ಅವರ ಹೆಬ್ಬೆರಳಿನ ಬುಡವನ್ನು ಸೀಳಿತ್ತು.

ನಾನು ನೀರು ಮತ್ತು ಬಟ್ಟೆ ಹಿಡಿದು ಕೆಳಗಿಳಿಯುವಷ್ಟರಲ್ಲಿ ಆ ಮನೆಯ ಯಜಮಾನರೂ ಬಾಲ್ಕನಿಗೆ ಬಂದಿದ್ದರು. ಗಾಜನ್ನು ಹೀಗೆ ಹಾಕಬಾರದಿತ್ತು ಎಂದು ನಾನು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ಬೇರೆ ಮಾಡೋದಕ್ಕೇ ತಾನೇ ಅವರನ್ನ ಇಟ್ಟಿರೋದು? ಕಸದ ದುಡ್ಡು ಕಟ್ತೀವಲ್ಲ ನಾವು." ಆ ಹೆಣ್ಣುಮಗಳು ಒಂದು ಮಾತೂ ಆಡಲಿಲ್ಲ. ಗ್ಲೌಸ್ ಇಲ್ಲವೇ ಎಂದು ಕೇಳಿದೆ. "ಇತ್ತಕ್ಕ, ಹರಿದೋಯ್ತು," ಎಂದು ಹೇಳಿ, ಕೈಗೆ ಬಟ್ಟೆ ಸುತ್ತಿಸಿಕೊಂಡು, ಪಕ್ಕದ ಮನೆಯ ಬುಟ್ಟಿಗೆ ಹೋದರು.

ಆಗಿನಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ಗಾಜಿನ ಚೂರಿಗಿಂತ ಹೆಚ್ಚಾಗಿ "ದುಡ್ಡು ಕಟ್ತೀವಲ್ಲ" ಎಂಬ ಮಾತು. 2025ರಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವೂ ಸೇರಿಕೊಂಡಿದೆ, ನಿಜ. ಆದರೆ ಅದು ಕಸವನ್ನು ಮನೆಯ ಬಾಗಿಲಿನಿಂದ ಒಯ್ದು ವಿಲೇವಾರಿ ಮಾಡುವುದಕ್ಕೆ ಕಟ್ಟುವ ಹಣ. ನಮ್ಮ ಎಂಜಲಿನೊಳಗೆ ಇನ್ನೊಬ್ಬರು ಕೈಯಾಡಿಸಲಿ ಎಂದು ಕೊಡುವ ಕೂಲಿ ಅದಲ್ಲ. ಹಸಿ ಕಸ, ಒಣ ಕಸಗಳನ್ನು ಬೇರೆ ಮಾಡುವ ಹೊಣೆ ಕಸ ಹುಟ್ಟಿದ ಮನೆಯದ್ದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಅದಕ್ಕೂ ಮೊದಲೇ, 2015ರ ಡಿಸೆಂಬರ್‌ನಲ್ಲಿ, ನಮ್ಮ ಹೈಕೋರ್ಟ್ ಬೆಂಗಳೂರಿನ ಮನೆಮನೆಗೂ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತ್ತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಪ್ಯಾಡ್‌ನಂಥ ಕಸ, ಚೀಲಕ್ಕೆ ಒಣ ಕಸ. ಬುಟ್ಟಿಯೊಳಗೆ ಪ್ಲಾಸ್ಟಿಕ್ ಕವರು ಹಾಸುವಂತಿಲ್ಲ ಎಂದೂ ಆಗಲೇ ಹೇಳಿಯಾಗಿತ್ತು. ಎದುರು ಮನೆಯ ಕಪ್ಪು ಕವರು ಇಷ್ಟು ವರ್ಷಗಳಾದ ಮೇಲೂ ದಿನವೂ ಮೆಟ್ಟಿಲಿಳಿದು ಬರುತ್ತಿದೆ.

ನಗರಾಡಳಿತ 2023ರ ನವೆಂಬರ್‌ನಲ್ಲಿ ಬೆಂಗಳೂರಿಗಾಗಿ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿತು. 2050ರ ಹೊತ್ತಿಗೆ ನಗರ ಕಾರ್ಬನ್ ತಟಸ್ಥವಾಗಬೇಕು, ಅಂದರೆ ಗಾಳಿಗೆ ಬಿಡುವಷ್ಟು ಇಂಗಾಲವನ್ನು ಹೀರಿ ಸರಿದೂಗಿಸಬೇಕೆಂಬುದು ಅದರ ಗುರಿ. ಅಂದು ಅದರ ಸುದ್ದಿಯನ್ನು ನಾನೂ ಸಂತೋಷದಿಂದ ಹಂಚಿಕೊಂಡಿದ್ದೆ, ನಿಮ್ಮಲ್ಲಿ ಹಲವರು ವಿದ್ಯುತ್ ಬಸ್ಸು, ಮೆಟ್ರೊ, ಸೌರಫಲಕ ಎಂದು ಉತ್ಸಾಹದಿಂದ ಚರ್ಚಿಸಿದ್ದಿರಿ. ಅವೆಲ್ಲವೂ ಆಗಲೇಬೇಕಾದ ಕೆಲಸಗಳು. ಆದರೆ ಈ ನಗರದಲ್ಲಿ ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯ ಹಸಿ ಕಸ. ಅದನ್ನು ಬೇರೆ ಇಟ್ಟು ಗಾಳಿಯಾಡುವಂತೆ ಕೊಳೆಸಿದರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ಕಿನ ಜೊತೆ ಕಲೆಸಿ ಗುಡ್ಡೆ ಹಾಕಿದರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಈ ಅನಿಲ 20 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಬಸ್ಸು ಕೊಳ್ಳುವುದು ನನ್ನ ಕೈಯಲ್ಲಿಲ್ಲ, ಮೆಟ್ರೊ ಹಳಿ ಹಾಕುವುದೂ ನನ್ನ ಕೈಯಲ್ಲಿಲ್ಲ. ನಮ್ಮ ಸಿಂಕಿನ ಪಕ್ಕದಲ್ಲಿರುವ ಹಸಿರು ಬುಟ್ಟಿ ಮಾತ್ರ ಪೂರ್ತಿಯಾಗಿ ನನ್ನ ಕೈಯಲ್ಲಿದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. 2013ರವರೆಗೆ ನಮ್ಮ ಮನೆಯಿಂದಲೂ ಅಂಥದ್ದೇ ಕಪ್ಪು ಕವರು ಹೋಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಚಿಕ್ಕಮ್ಮನ ಊರು, ಆಗ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಪಕ್ಕದ್ದೆಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ಆ ವರ್ಷ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ, ಊಟಕ್ಕೆ ಬಡಿಸಿದ ತಟ್ಟೆಯ ಮೇಲೆ ಚಿಕ್ಕಮ್ಮ ಇನ್ನೊಂದು ತಟ್ಟೆ ಮುಚ್ಚಿಟ್ಟರು. ತುತ್ತು ತೆಗೆದುಕೊಳ್ಳುವಾಗ ಮಾತ್ರ ಅದನ್ನು ಸರಿಸಬೇಕು, ಬಾಯಿಗಿಟ್ಟೊಡನೆ ಮತ್ತೆ ಮುಚ್ಚಬೇಕು, ಅಷ್ಟು ನೊಣ. ಮುದ್ದೆಯ ಮೇಲೆ, ಮಗುವಿನ ತುಟಿಯ ಮೇಲೆ, ಒಗೆದು ಹರವಿದ ಬಿಳಿ ಪಂಚೆಯ ಮೇಲೆ, ಎಲ್ಲೆಲ್ಲೂ ನೊಣ. ಅಂಗಳಕ್ಕೆ ಬಂದರೆ ಹೊಟ್ಟೆ ತೊಳಸುವ ವಾಸನೆ. ಆ ವಾಸನೆ ಎಲ್ಲಿಯದೆಂದು ನಾನು ಕೇಳಿದ್ದಕ್ಕೆ ಚಿಕ್ಕಮ್ಮ ಕೋಪವನ್ನೂ ಮಾಡಿಕೊಳ್ಳದೆ, "ನಿಮ್ಮೂರಿಂದಾನೇ ಬರ್ತದಲ್ಲಮ್ಮ ಅದು," ಎಂದರು. ಅಂದು ನನಗೆ ಆ ತಟ್ಟೆಯಲ್ಲಿದ್ದುದನ್ನು ನುಂಗಲಾಗಲಿಲ್ಲ. ಮನೆಗೆ ಬಂದ ಮರುದಿನವೇ ಬುಟ್ಟಿಗಳನ್ನು ತಂದೆ.

ನಗರದ ಕಸ ಸುರಿಯುತ್ತಿದ್ದ ಇನ್ನೊಂದು ಊರು ಮಾವಳ್ಳಿಪುರ. ಅಲ್ಲಿನ ಜನ ತಿರುಗಿಬಿದ್ದು 2012ರಲ್ಲಿ ಅಲ್ಲಿಯ ಕಸದ ರಾಶಿಗೆ ಬೀಗ ಬಿದ್ದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಗುಡ್ಡೆಯಾಗಿ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ನಾವು ಮೂಗು ಮುಚ್ಚಿಕೊಂಡು ಬೈದದ್ದು ಅಧಿಕಾರಿಗಳನ್ನು. ಆಮೇಲೆ ಆ ಹೊರೆಯೂ ಮಂಡೂರಿನ ಮೇಲೆ ಬಿತ್ತು. ಅಲ್ಲಿಯವರು 2014ರಲ್ಲಿ ರಸ್ತೆಗಿಳಿದು ಹೋರಾಡಿದ ಮೇಲೆ, ಆ ವರ್ಷದ ಡಿಸೆಂಬರ್ 1ರಿಂದ ಲಾರಿಗಳು ನಿಂತವು. ನಂತರ ಬೆಳ್ಳಹಳ್ಳಿಯ ಕ್ವಾರಿ, ಆಮೇಲೆ ಮಿಟ್ಟಗಾನಹಳ್ಳಿಯ ಕ್ವಾರಿ. ಒಂದು ಊರಿನವರು ಸಾಕೆಂದರೆ ಇನ್ನೊಂದು ಊರು. ಇಷ್ಟು ಊರುಗಳ ಹೆಸರುಗಳು ನಮಗೆ ಗೊತ್ತಾದದ್ದೇ ನಮ್ಮ ಕಸದಿಂದ ಎಂಬುದು ನನ್ನನ್ನು ಈಗಲೂ ತಲೆ ತಗ್ಗಿಸುವಂತೆ ಮಾಡುತ್ತದೆ.

ಈ ವಿಷಯ ತೆಗೆದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ಹೇಳುವ ಮಾತು ಒಂದಿದೆ: "ನಾವು ಬೇರೆ ಮಾಡಿ ಕೊಟ್ಟರೇನು, ಕೊನೆಗೆ ಎಲ್ಲವನ್ನೂ ಒಂದೇ ಲಾರಿಗೆ ಸುರಿಯುತ್ತಾರೆ." ಹಾಗೆ ಸುರಿಯುವುದನ್ನು ನಾನೂ ಕಣ್ಣಾರೆ ಕಂಡಿದ್ದೇನೆ, ದೂರನ್ನೂ ಕೊಟ್ಟಿದ್ದೇನೆ, ಒಮ್ಮೊಮ್ಮೆ ಸರಿಹೋಗಿದೆ, ಒಮ್ಮೊಮ್ಮೆ ಇಲ್ಲ. ಆದರೂ ಈ ವಾದವನ್ನು ನಾನು ಒಪ್ಪಲಾರೆ. ಒಂದು ಬೀದಿಯ 40 ಮನೆಗಳಲ್ಲಿ 25 ಮನೆಯವರು ಕಲೆಸಿಯೇ ಕೊಟ್ಟರೆ, ಉಳಿದ 15 ಮನೆಗಳ ಕಸವನ್ನು ಆಟೊದವರು ಪ್ರತ್ಯೇಕವಾಗಿ ಎಲ್ಲಿ ಇಟ್ಟುಕೊಂಡಾರು? ಮಂಡೂರು ಮುಚ್ಚುವ ಹೊತ್ತಿಗೆ ಕನ್ನಹಳ್ಳಿ, ಸೀಗೆಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲಗಳಲ್ಲಿ ಹಸಿ ಕಸವನ್ನು ಗೊಬ್ಬರ ಮಾಡುವ ಘಟಕಗಳನ್ನು ಕಟ್ಟಿದರು. ಅವುಗಳ ಬಾಗಿಲಿಗೆ ಹೋದದ್ದು ಹಸಿ ಕಸ ಮಾತ್ರವಲ್ಲ, ಪ್ಲಾಸ್ಟಿಕ್ಕು, ಬಟ್ಟೆ, ಗಾಜು ಸೇರಿದ ಕಲಸುಮೇಲೋಗರ. ಗೊಬ್ಬರದ ಬದಲು ದುರ್ವಾಸನೆ ಎದ್ದಿತು, ಸುತ್ತಲಿನವರು ಮುಚ್ಚಿರೆಂದು ಪ್ರತಿಭಟಿಸಿದರು. ಆಡಳಿತದ ನಿರ್ವಹಣೆಯಲ್ಲಿ ದೋಷವಿರಲಿಲ್ಲವೆಂದು ನಾನು ಹೇಳುತ್ತಿಲ್ಲ, ಖಂಡಿತ ಇತ್ತು. ಆದರೆ ಆ ಯಂತ್ರಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಯಾವ ಅಧಿಕಾರಿಯ ಅಡುಗೆಮನೆಯಿಂದಲೂ ಬಂದದ್ದಲ್ಲ.

ಬೇರೆ ಮಾಡಿ ಕೊಟ್ಟ ಕಸ ಎಲ್ಲಿಗೆ ಹೋಗುತ್ತದೆಂದು ನೋಡಬೇಕೆನಿಸಿದವರು ಒಮ್ಮೆ ತಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಹೋಗಿ ಬನ್ನಿ. ಹಲವು ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ನಾನು ಹೋದ ಕೇಂದ್ರದಲ್ಲಿ ನೆಲದ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಹಾಲಿನ ಕವರನ್ನು ಬೆರಳುಗಳ ನಡುವೆ ಉಜ್ಜಿ, ಆ ಸದ್ದಿನಿಂದಲೇ ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿದು ಬೇರೆ ಬೇರೆ ಚೀಲಗಳಿಗೆ ಹಾಕುತ್ತಿದ್ದರು. ತೊಳೆದ ಕವರಿಗೆ ಬೆಲೆಯಿದೆ, ಮೊಸರು ಹತ್ತಿ ಹುಳಿ ನಾರುವ ಕವರನ್ನು ಯಾರೂ ಕೊಳ್ಳುವುದಿಲ್ಲ ಎಂದು ಅವರೇ ನನಗೆ ತೋರಿಸಿಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಹಾಲಿನ ಕವರು ಪಾತ್ರೆ ತೊಳೆದ ನೀರಿನಲ್ಲಿ ಒಮ್ಮೆ ಅದ್ದಿ, ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿದ ಮೇಲೆಯೇ ಚೀಲಕ್ಕೆ ಹೋಗುತ್ತದೆ. ಇದಕ್ಕೆ ಹಿಡಿಯುವ ಸಮಯ ದಿನಕ್ಕೆ ಮೂರು ನಿಮಿಷವೂ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಇದ್ದ ಒಂದೇ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಇನ್ನಾದರೂ ಆಡಳಿತ ಹತ್ತಿರ ಬರಲಿ, ಗ್ಲೌಸ್ ಹರಿದರೆ ಮರುದಿನವೇ ಹೊಸದು ಸಿಗಲಿ, ಕಲೆಸಿ ಕೊಡುವ ಮನೆಗೆ ದಂಡ ಹಾಕುವ ಧೈರ್ಯ ಬರಲಿ ಎಂದು ನಾನೂ ಬಯಸುತ್ತೇನೆ. ಆದರೆ ಪಾಲಿಕೆ ಐದಾಗಲಿ, ಐವತ್ತಾಗಲಿ, ಮೂರನೇ ಮಹಡಿಯ ಆ ಕವರಿನೊಳಗೆ ಏನು ಬೀಳಬೇಕೆಂಬುದನ್ನು ತೀರ್ಮಾನಿಸುವುದು ಆ ಮನೆಯವರೇ. ನನಗೆ ಸಿಟ್ಟು ಬಂದಿರುವುದು ಅಲ್ಲಿ. ಅವರು ಓದಿದವರು, ಮಕ್ಕಳ ಶಾಲೆಯ ಪರಿಸರ ದಿನಕ್ಕೆ ಸಸಿ ಕೊಂಡುಕೊಟ್ಟವರು, ನನಗೆ ದಿನವೂ ನಮಸ್ಕಾರ ಹೇಳುವವರು.

ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಯಜಮಾನರು ಇರಲಿಲ್ಲ, ಅವರ ತಾಯಿ ಬಾಗಿಲು ತೆರೆದರು. ನಡೆದದ್ದನ್ನು ಹೇಳಿದಾಗ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಲೋಟ ಒಡೆದದ್ದು ನನ್ನ ಕೈಯಿಂದಲೇ ಕಣಮ್ಮ. ನಮ್ಮೂರಲ್ಲಾದರೆ ಗಾಜನ್ನ ಗುಂಡಿ ತೋಡಿ ಹೂಳ್ತಿದ್ದೆವು, ಇಲ್ಲಿ ಏನು ಮಾಡಬೇಕೋ ಗೊತ್ತಾಗಲಿಲ್ಲ," ಎಂದರು. ಹಳೆಯ ಪೇಪರಿನ ನಾಲ್ಕು ಮಡಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ "ಗಾಜು" ಎಂದು ಬರೆದು ಬೇರೆಯಾಗಿ ಕೈಗೇ ಕೊಡಬೇಕೆಂದು ತೋರಿಸಿದೆ. ಮೊಮ್ಮಗಳ ಪೆನ್ನಿನ ಡಬ್ಬಿಯಿಂದ ಕೆಂಪು ಪೆನ್ನೊಂದನ್ನು ತೆಗೆದು ಅವರು ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡರು. ನಾಳೆ ಆರೂವರೆಗೆ ಆಟೊ ಬರುತ್ತದೆ. ನಾನು ಹೊಸ ಗ್ಲೌಸ್ ಒಂದು ಜೊತೆ ತಂದಿಟ್ಟಿದ್ದೇನೆ.